ಎತ್ತಿನ ಬಾಲದ ಹಿಂದೆ ಹನ್ನೆರಡು ವರ್ಷ

"ಗುರುಗಳೇ, ಪುಸ್ತಕವನ್ನು ನಾಲ್ಕು ಸಲ ಓದಿ ಮುಗಿಸಿದೆ. ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಮುಚ್ಚಿದ ಕೂಡಲೇ ಒಂದೂ ನೆನಪಿರುವುದಿಲ್ಲ. ಇನ್ನೆಷ್ಟು ಸಲ ಓದಬೇಕು?"

ಹೀಗೆ ಕೇಳಿದವಳು ಹೇಮಾವತಿ. ಹಗಲು ಹೊಲಿಗೆ ಅಂಗಡಿಯಲ್ಲಿ ದುಡಿದು, ಸಂಜೆ ಗುರುಗಳ ಜಗಲಿಗೆ ಬಂದು ಕಲಿಯುತ್ತಿದ್ದಳು. ಪಕ್ಕದ ಊರಿನ ಕಾಲೇಜಿನಲ್ಲಿ ಒಂದು ನಿಯಮವಿತ್ತು. ತರಗತಿಗೆ ಬಾರದವರೂ ನೇರವಾಗಿ ಪರೀಕ್ಷೆಗೆ ಕೂರಬಹುದು. ಪಾಸಾದರೆ ಆ ವಿಷಯದ ಕ್ರೆಡಿಟ್ ಅವರದು. ಆದರೆ ಒಮ್ಮೆ ಫೇಲಾದರೆ ಆ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಎಲ್ಲರಂತೆ ಹಗಲು ತರಗತಿಯಲ್ಲೇ ಕೂರಬೇಕು. ಕೆಲಸ ಬಿಟ್ಟು ಕೂರುವುದು ಹೇಮಾವತಿಗೆ ಆಗದ ಮಾತು. ಫೇಲಾದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಅರ್ಜಿ ಕೊಡಲು ಹೋದ ದಿನ ಅಲ್ಲಿಯ ಅಧ್ಯಾಪಕರೊಬ್ಬರು, "ಕ್ಲಾಸಿಗೆ ಬಾರದೆ ಪಾಸಾಗುವುದಾದರೆ ಇಲ್ಲಿ ಕೂತವರೆಲ್ಲ ದಡ್ಡರೇನಮ್ಮಾ?" ಎಂದು ಮುಖಕ್ಕೇ ನಕ್ಕಿದ್ದರು.

ಆ ಮಾತು ಕೇಳಿದಾಗಿನಿಂದ ಗುರುಗಳಿಗೆ ಸಿಟ್ಟು ಇಳಿದಿರಲಿಲ್ಲ. ಈಗ ನಾಲ್ಕು ಸಲ ಓದಿದೆ ಎಂದವಳ ಮೇಲೂ ಅಷ್ಟೇ ಸಿಟ್ಟು ಬಂತು.

"ಕೂತುಕೋ" ಎಂದರು. ಕತೆ ಹೇಳಿದರು.

ಒಂದು ಘಟ್ಟ. ಮೇಲಿನ ಊರಿನವರು ಎತ್ತುಗಳ ಬೆನ್ನಿನ ಮೇಲೆ ಅಕ್ಕಿ, ಬೆಲ್ಲ ಹೇರಿಕೊಂಡು ಕಡಲತೀರಕ್ಕೆ ಇಳಿಯುತ್ತಿದ್ದರು. ಬರುವಾಗ ಉಪ್ಪು ಹೇರಿಕೊಂಡು ಹತ್ತುತ್ತಿದ್ದರು. ಕಾಡಿನೊಳಗೆ ಕಾಲುದಾರಿ, ಎಲ್ಲೆಲ್ಲೂ ಕವಲು. ಒಂದು ಕವಲು ತಪ್ಪಿದರೆ ಎತ್ತು, ಆಳು, ಸರಕು ಎಲ್ಲವೂ ಕಂದರದ ಪಾಲು. ಅದಕ್ಕಾಗಿ ಪ್ರತಿ ಹಿಂಡಿನ ಮುಂದೆ ದಾರಿ ಬಲ್ಲವನೊಬ್ಬ ನಡೆಯುತ್ತಿದ್ದ. ಅವನನ್ನು ಮುಂದಾಳು ಎನ್ನುತ್ತಿದ್ದರು. ಮುಂದಾಳಿಲ್ಲದ ಹಿಂಡು ಘಟ್ಟ ಇಳಿಯುವಂತಿರಲಿಲ್ಲ.

ಮುಂದಾಳಾಗಬೇಕಾದವನು ಹನ್ನೆರಡು ವರ್ಷ ಹಿಂಡಿನ ಹಿಂದೆ ನಡೆಯಬೇಕು. ಆಮೇಲೆ ಊರ ಯಜಮಾನರ ಎದುರಿಗೆ ಪರೀಕ್ಷೆ. ಹಾಗೆ ಹಿಂದೆ ನಡೆಯದವರೂ ಪರೀಕ್ಷೆಗೆ ನಿಲ್ಲಬಹುದು ಎಂಬ ಮಾತು ಹಿರಿಯರ ಕಟ್ಟಳೆಯಲ್ಲಿ ಇತ್ತು. ಇತ್ತು ಅಷ್ಟೇ. ಯಾರೂ ಕೇಳಿರಲಿಲ್ಲ. ಯಾರೂ ಕೇಳದಿರುವ ತನಕ ಇಂಥ ಮಾತುಗಳ ಮೇಲೆ ದೊಡ್ಡವರಿಗೆ ಬಹಳ ಪ್ರೀತಿ.

ಒಬ್ಬ ಮುಂದಾಳು ಜ್ವರ ಬಂದು ಸತ್ತ. ಅವನ ಹೆಂಡತಿಗೆ ಉಳಿದದ್ದು ಇಬ್ಬರು ಮಕ್ಕಳು ಮತ್ತು ಕೊಟ್ಟಿಗೆಯ ಎತ್ತುಗಳು. ಹಿರಿಯ ಯಜಮಾನ ಮನೆಗೆ ಬಂದ.

"ಎತ್ತುಗಳನ್ನು ಮಾರಿಬಿಡು ತಂಗೀ. ಮುಂದಾಳಿಲ್ಲದ ಎತ್ತು ಕಟ್ಟಿಕೊಂಡು ಏನು ಮಾಡುತ್ತೀ?"

"ಅವನ್ನು ಮಾರಿದರೆ ಮಕ್ಕಳಿಗೆ ಏನು ಹಾಕಲಿ? ನಾನೇ ಮುಂದೆ ನಡೆಯುತ್ತೇನೆ."

"ಹಿಂದೆ ನಡೆಯದವಳು ಮುಂದೆ ಹೇಗೆ ನಡೆಯುತ್ತೀಯಮ್ಮ?"

"ಘಟ್ಟ ಇಳಿಸಿ ತೋರಿಸಿದರೆ ಸಾಕು ಅಂತ ಕಟ್ಟಳೆ ಇದೆ ಯಜಮಾನರೇ. ವರ್ಷ ಎಣಿಸುವವರು ಎಣಿಸಿಕೊಳ್ಳಲಿ. ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಗೆ ನನ್ನನ್ನೂ ನಿಲ್ಲಿಸಿ."

ಇಲ್ಲ ಎನ್ನಲು ಯಜಮಾನನಿಗೆ ದಾರಿಯಿರಲಿಲ್ಲ. ಆದರೆ ಊರಿಗೆಲ್ಲ ಹೇಳಿಸಿದ: ಆ ಹೆಂಗಸಿಗೆ ಯಾರೂ ದಾರಿ ಹೇಳಿಕೊಡಕೂಡದು. ಬೇಕಾದರೆ ಒಂದು ಸಲ ಹಿಂಡಿನ ಹಿಂದೆ ಹೋಗಿ ಬರಲಿ, ನೋಡಿದ ಮೇಲಾದರೂ ಬುದ್ಧಿ ಬಂದೀತು.

ಆಕೆ ಹೋದಳು. ಹನ್ನೆರಡು ವರ್ಷದ ನಡಿಗೆ ಆ ವರ್ಷವೇ ಮುಗಿಯುತ್ತಿದ್ದ ಒಬ್ಬ ಗಂಡಸು ಅದೇ ಹಿಂಡಿನ ಹಿಂದೆ ಇದ್ದ. ಎಲೆ ಅಡಿಕೆ ಜಗಿಯುತ್ತ, ಹಾಡಿಕೊಳ್ಳುತ್ತ ನಡೆಯುತ್ತಿದ್ದ. ಪ್ರತಿ ತಿರುವಿನಲ್ಲೂ "ಹೂಂ, ಇದೇ, ಇದು ಗೊತ್ತಲ್ಲ" ಎನ್ನುತ್ತಿದ್ದ. ಆಕೆಗೂ ಹಾಗೇ ಅನ್ನಿಸಿತು. ದಾರಿ ಸುಲಭ ಅನ್ನಿಸಿತು.

ಮನೆಗೆ ಬಂದು ರಾಗಿ ಬೀಸಲು ಕೂತಳು. ಬೀಸುತ್ತ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಘಟ್ಟ ಇಳಿಯತೊಡಗಿದಳು. ಹಳ್ಳ ಬಂತು. ದೊಡ್ಡ ಬಂಡೆ ಬಂತು. ಬಂಡೆಯ ಆಚೆ ಏನಿದೆ? ಬಲಕ್ಕೋ ಎಡಕ್ಕೋ? ಏನೂ ಕಾಣಲಿಲ್ಲ. ಕಂಡದ್ದು ಮುಂದಿನ ಎತ್ತಿನ ಬಾಲ ಮಾತ್ರ. ದಾರಿಯುದ್ದಕ್ಕೂ ತಾನು ನೋಡಿದ್ದು ಅದೊಂದನ್ನೇ ಎಂದು ಆಗ ತಿಳಿಯಿತು. ಆಕೆಗೆ ಹೆದರಿಕೆಯಾಯಿತು.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಮತ್ತೆ ಹಿಂಡಿನ ಹಿಂದೆ ಹೋಗುತ್ತಿದ್ದೆ. ನಾಲ್ಕು ಸಲ ಹೋಗುತ್ತಿದ್ದೆ. ತಲೆ ತಗ್ಗಿಸಬೇಡ, ಕೇಳು.

ಆಕೆ ಮರುದಿನ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಅವಲಕ್ಕಿ ಕಟ್ಟಿಕೊಂಡು, ಒಬ್ಬಳೇ ಘಟ್ಟಕ್ಕೆ ಹೋದಳು. ಮುಂದೆ ಎತ್ತಿಲ್ಲ, ಆಳಿಲ್ಲ. ಬಂಡೆಯ ಹತ್ತಿರ ನಿಂತಳು. ಯೋಚಿಸಿದಳು. ಬಲಕ್ಕೆ ಹೋದಳು. ಸ್ವಲ್ಪ ದೂರದಲ್ಲೇ ದಾರಿ ಮುಳ್ಳಿನಲ್ಲಿ ಮುಗಿಯಿತು. ಮೈಯೆಲ್ಲ ಗೀರಿಸಿಕೊಂಡು ವಾಪಸು ಬಂದಳು. ಊರ ಬಾಗಿಲಲ್ಲಿ ಕೂತವರು, "ಏನಕ್ಕಾ, ಮುಂದಾಳಾಗಿ ಬಂದೆಯಾ?" ಎಂದು ನಕ್ಕರು. ಆಕೆ ಕೈಯ ಮುಳ್ಳು ಕೀಳುತ್ತ ಮನೆಗೆ ನಡೆದಳು. ಆದರೆ ಆ ಬಂಡೆಯ ಕವಲು ಮಾತ್ರ ಮತ್ತೆ ಮರೆಯಲಿಲ್ಲ. ಮುಳ್ಳು ಚುಚ್ಚಿದ ಕಡೆ ನೆನಪು ಗಟ್ಟಿ.

ಹೀಗೇ ನಡೆಯಿತು. ಹೋಗುವುದು, ತಪ್ಪುವುದು, ಬರುವುದು. ಹಳ್ಳದವರೆಗಿನ ದಾರಿ ಬೇಗ ಕೈವಶವಾಯಿತು. ಅಲ್ಲಿ ಓಡಾಡಿದರೆ ಮನಸ್ಸಿಗೆ ಹಿತ. ತಾನು ಜಾಣೆ ಅನ್ನಿಸುತ್ತದೆ. ಆಕೆ ಅಲ್ಲಿ ಒಂದು ಗಳಿಗೆಯೂ ಕಳೆಯಲಿಲ್ಲ. ಎಲ್ಲಿ ತಪ್ಪಿದ್ದಳೋ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದಳು. ಒಂದು ಕವಲು ಸರಿಯಾದರೆ ಅದನ್ನು ಕೆಲವು ದಿನ ಬಿಟ್ಟುಬಿಡುತ್ತಿದ್ದಳು, ಬೇಕೆಂದೇ. ಅರ್ಧ ಮರೆತ ಮೇಲೆ ಮತ್ತೆ ಹೋಗಿ, ಈಗಲೂ ಬರುತ್ತದೆಯೇ ಎಂದು ನೋಡುತ್ತಿದ್ದಳು. ಬಾರದಿದ್ದರೆ ತನ್ನನ್ನೇ ಬೈದುಕೊಂಡು ಅದನ್ನೇ ಹಿಡಿಯುತ್ತಿದ್ದಳು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಕೇಳಬಾರದೆಂದು ಯಜಮಾನ ಹೇಳಿರಲಿಲ್ಲ. ಅದನ್ನು ಕೇಳಿ ತಿಳಿದುಕೊಂಡಳು. ಬೆಳಗಿನ ಮಂಜಿನಲ್ಲಿ ನಡೆಸುತ್ತಾರೆ. ಘಟ್ಟವನ್ನೇ ಕಾಣದ ಹೊಸ ಎತ್ತುಗಳನ್ನು ತರುತ್ತಾರೆ, ಎತ್ತೇ ದಾರಿ ತೋರಿಸಿಬಿಡಬಾರದಲ್ಲ. ಸರಿ ಎಂದು ಆಕೆಯೂ ಮಂಜಿನಲ್ಲೇ ಹೊರಟಳು. ಬಿಸಿಲಿನಲ್ಲಿ ಕಲಿತ ದಾರಿ ಮಂಜಿನಲ್ಲಿ ಬೇರೆಯೇ ಆಗಿತ್ತು. ಮತ್ತೆ ತಪ್ಪಿದಳು. ಮತ್ತೆ ಕಲಿತಳು.

ಸಂಕ್ರಾಂತಿ ಕಳೆಯಿತು. ಯಜಮಾನರು ಘಟ್ಟದ ತಲೆಯಲ್ಲಿ ಸೇರಿದರು. ಮೊದಲು ಆ ಗಂಡಸನ್ನು ಮುಂದೆ ನಿಲ್ಲಿಸಿದರು. ಪೇಟ ಸುತ್ತಿಕೊಂಡು ಬಂದಿದ್ದ. ಹಳ್ಳದವರೆಗೆ ಹಾಡುತ್ತಲೇ ಹೋದ. ಬಂಡೆಯ ಹತ್ತಿರ ಹಾಡು ನಿಂತಿತು. ಆ ಕಡೆ ನೋಡಿದ. ಈ ಕಡೆ ನೋಡಿದ. ಮಂಜು ಜಾಸ್ತಿ ಎಂದ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಹಾಗೆ. ಕೊನೆಗೆ ಯಜಮಾನರ ಕಡೆ ತಿರುಗಿ, "ಒಂದು ಎತ್ತನ್ನು ನನ್ನ ಮುಂದೆ ಬಿಡಿ. ಅದು ನಾಲ್ಕು ಹೆಜ್ಜೆ ನಡೆದರೆ ಸಾಕು, ಸರಿಯೋ ತಪ್ಪೋ ನಾನು ಹೇಳುತ್ತೇನೆ" ಎಂದ.

ಪಾಪ, ಸುಳ್ಳು ಹೇಳಲಿಲ್ಲ ಅವನು. ತೋರಿಸಿದರೆ ಗುರುತು ಹಿಡಿಯುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನು ಕಲಿತದ್ದು ಅಷ್ಟೇ. ಅವನನ್ನು ಯಾರೂ ಒಂದು ದಿನವಾದರೂ ಮುಂದೆ ನಿಲ್ಲಿಸಿರಲಿಲ್ಲ. ಅವನೂ ನಿಂತಿರಲಿಲ್ಲ. ಆ ಹನ್ನೆರಡು ವರ್ಷ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಆ ಹೆಂಗಸು ಮುಂದೆ ಬಂದಳು. ಬಂಡೆಯಲ್ಲಿ ನಿಲ್ಲಲೇ ಇಲ್ಲ. ಕವಲುಗಳನ್ನು ಒಂದೊಂದಾಗಿ ದಾಟಿದಳು. ಇಳಿಜಾರಿನ ಕೊನೆಯ ಕವಲಿನಲ್ಲಿ ಎಡಕ್ಕೆ ಕಾಲಿಟ್ಟಳು. ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ತಪ್ಪು ದಾರಿ. ಆಕೆ ಕೆಲವು ಹೆಜ್ಜೆ ನಡೆದು ನಿಂತಳು, ನೆಲ ನೋಡಿದಳು, ಎತ್ತುಗಳನ್ನು ಹಿಂದಕ್ಕೆ ತಿರುಗಿಸಿ ಬಲಕ್ಕೆ ನಡೆದಳು.

"ತಪ್ಪಿದೆಯಲ್ಲ ತಂಗೀ!" ಎಂದು ಹಿರಿಯ ಯಜಮಾನ ಕೂಗಿದ.

"ತಪ್ಪಿದ್ದು ನಾನೇ, ಕಂಡುಕೊಂಡದ್ದೂ ನಾನೇ. ನೀವು ಹೇಳುವುದಕ್ಕೆ ಮೊದಲೇ ತಿರುಗಿದೆನಲ್ಲ" ಎಂದಳು. ತಿರುಗಿ ನೋಡಲಿಲ್ಲ.

ಹೊತ್ತು ನೆತ್ತಿಗೇರುವ ಮೊದಲು ಹಿಂಡು ಕಡಲತೀರದಲ್ಲಿತ್ತು. ಒಂದು ಚೀಲವೂ ಜಾರಿರಲಿಲ್ಲ.

ಯಜಮಾನರು ಮರಳಿನ ಮೇಲೆ ಕೂತು ಮಾತಾಡಿಕೊಂಡರು. ಇಳಿಸಿದ್ದೇನೋ ನಿಜ ಎಂದರು. ಆದರೂ ಪದ್ಧತಿ ಎಂಬುದೊಂದು ಇದೆಯಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಷ್ಟೋ ಹೊತ್ತು ಮಾತು ನಡೆಯಿತು. ಕೊನೆಗೆ ಹಿರಿಯ ಯಜಮಾನ, ಒಂದು ವರ್ಷವಾದರೂ ಹೆಸರಿಗೆ ಹಿಂದೆ ನಡೆದುಬಿಡಲಿ, ಆಮೇಲೆ ಮುಂದಾಳು ಎನ್ನೋಣ ಎಂದು ತೀರ್ಮಾನಿಸಿದ.

ಅಷ್ಟರಲ್ಲಿ ಆಕೆ ಎತ್ತುಗಳಿಗೆ ಉಪ್ಪು ಹೇರಿಸಿ ಆಗಿತ್ತು. ಯಜಮಾನನ ತೀರ್ಮಾನವನ್ನು ಪೂರ್ತಿ ಕೇಳಿಸಿಕೊಂಡಳು. ಒಂದು ವರ್ಷವಲ್ಲ, ಒಂದು ಹೆಜ್ಜೆಯೂ ಹಿಂದೆ ನಡೆಯುವುದಿಲ್ಲ ಎಂದಳು. ಮುಂದಿನ ಎತ್ತಿನ ಹಗ್ಗ ಹಿಡಿದು ಘಟ್ಟ ಹತ್ತತೊಡಗಿದಳು. ಎತ್ತುಗಳು ಆಕೆಯ ಹಿಂದೆ ಹೋದವು. ಆಳುಗಳು ಎತ್ತುಗಳ ಹಿಂದೆ ಹೋದರು. ಪೇಟ ಸುತ್ತಿದವನೂ ಹೋದ. ಸ್ವಲ್ಪ ಹೊತ್ತಿಗೆ ಯಜಮಾನರೂ ಎದ್ದು, ಪಂಚೆಯ ಮರಳು ಕೊಡವಿಕೊಂಡು ಹಿಂದೆಯೇ ನಡೆದರು. ಕತ್ತಲಾಗುವುದರೊಳಗೆ ಅವರೂ ಮನೆ ಸೇರಬೇಕಿತ್ತಲ್ಲ.

ಆಕೆಯನ್ನು ಮುಂದಾಳು ಎಂದು ಅವರು ಆಮೇಲೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಮರುವಾರ ಹೇರು ಹೊರಡುವಾಗ ಎಲ್ಲ ಹಿಂಡುಗಳೂ ಆಕೆಯ ಅಂಗಳದಲ್ಲಿ ಬಂದು ನಿಂತಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಹೇಮಾವತಿಯ ಕಣ್ಣು ಹೊಳೆಯುತ್ತಿತ್ತು. ಕಾಲೇಜಿನಲ್ಲಿ ನಕ್ಕವರ ಮುಖ ಅವಳಿಗೆ ಈಗ ಸಣ್ಣದಾಗಿ ಕಾಣುತ್ತಿತ್ತು. "ಎಷ್ಟು ಚೆನ್ನಾಗಿ ಹೇಳಿದಿರಿ ಗುರುಗಳೇ! ಎಲ್ಲ ಅರ್ಥವಾಯಿತು. ಇನ್ನೊಂದು ಸಲ ಹೇಳಿ, ಮನಸ್ಸಿನಲ್ಲಿ ನಿಲ್ಲಲಿ" ಎಂದಳು.

"ನಾನು ಹೇಳುವುದಿಲ್ಲ, ಈಗ ನೀನು ಹೇಳು, ನಾನು ಕೇಳುತ್ತೇನೆ" ಎಂದರು ಗುರುಗಳು.