ಪಕ್ಕದ ಮೇಜಿನ ನೀಲಿ

"ಗುರುಗಳೇ, ನಿನ್ನೆ ಮೊನ್ನೆ ಬಂದವನಿಗೆ ಪಾಠ ಹೇಳುವ ಕೆಲಸ ಕೊಟ್ಟಿರಿ. ಅವನಿಗಿಂತ ನನ್ನಲ್ಲೇನು ಕಮ್ಮಿ?" ಎಂದು ಶಿಷ್ಯ ಚನ್ನವೀರ ಕೇಳಿದ. ಕೇಳುವಾಗಲೂ ಅವನ ಕಣ್ಣು ಅಂಗಳದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆ ಹೊಸಬನ ಮೇಲೆಯೇ ಇತ್ತು.

ಗುರುಗಳು ಕತೆ ಹೇಳಿದರು.

ಒಂದು ಪ್ರಯೋಗಾಲಯದಲ್ಲಿ ಇಬ್ಬರು ಸಂಶೋಧಕಿಯರಿದ್ದರು. ಒಬ್ಬಳು ಹಿರಿಯಳು, ಇನ್ನೊಬ್ಬಳು ಹೊಸಬಳು. ಬ್ಯಾಕ್ಟೀರಿಯಾಗಳನ್ನು ಬಿಟ್ಟರೆ ಯಾರ ತಂಟೆಗೂ ಹೋಗದ ಒಂದು ವೈರಸ್ಸಿಗೆ ಬಣ್ಣ ಕೊಡುವ ಜೀನು ಸೇರಿಸುವುದು ಇಬ್ಬರ ಕೆಲಸ. ಜೀನು ಸರಿಯಾಗಿ ಕೂತರೆ, ಬ್ಯಾಕ್ಟೀರಿಯಾ ಬೆಳೆಸಿದ ಮುಚ್ಚಳದ ತಟ್ಟೆಯಲ್ಲಿ ನೀಲಿ ಚುಕ್ಕೆ ಏಳುತ್ತಿತ್ತು. ಇಬ್ಬರ ವೈರಸ್ಸನ್ನೂ ಪರೀಕ್ಷಿಸಿ, ಒಬ್ಬಳಿಗೆ ಪ್ರಯೋಗಾಲಯದ ಮೇಲ್ವಿಚಾರಣೆ ಒಪ್ಪಿಸುತ್ತೇನೆ ಎಂದು ಮುಖ್ಯಸ್ಥರು ಹೇಳಿದ್ದರು.

ನೀಲಿ ಮೊದಲು ಎದ್ದದ್ದು ಹೊಸಬಳ ತಟ್ಟೆಯಲ್ಲಿ. ಅಯ್ಯೋ, ಹಿರಿಯಳ ಹೊಟ್ಟೆಗೆ ಬೆಂಕಿ ಬಿತ್ತು! ತಾನೇ ಕೈಹಿಡಿದು ಕೆಲಸ ಕಲಿಸಿದವಳು ತನ್ನ ತಲೆಯ ಮೇಲೆ ಕೂರುವುದೇ? ಅದರಲ್ಲಿ ಏನೋ ಹುಳುಕು ಇದ್ದೇ ಇದೆ ಎಂದು ಅವಳಿಗೆ ಅನ್ನಿಸಿತು. ಹೊಸಬಳು ಊಟಕ್ಕೆ ಎದ್ದಳೋ ಇಲ್ಲವೋ, ಇವಳು ಹೋಗಿ ಆ ತಟ್ಟೆಗಳ ಮುಚ್ಚಳ ತೆಗೆದು ನೋಡುವಳು. ಹೆಜ್ಜೆಯ ಸಪ್ಪಳವಾದರೆ ಓಡಿಬಂದು ತನ್ನ ತಟ್ಟೆ ಹಿಡಿದುಕೊಳ್ಳುವಳು. ಮೇಜು ಬದಲಿಸಿದರೆ ಕೈಗವಸನ್ನೂ ಬದಲಿಸಬೇಕು. ಆ ನೇಮವನ್ನು ಹೊಸಬಳಿಗೆ ಹೇಳಿಕೊಟ್ಟವಳೇ ಇವಳು. ಆದರೆ ಹೊಟ್ಟೆಕಿಚ್ಚಿಗೆ ಯಾವ ನೇಮ? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವವರು ಬೇಕಾದಷ್ಟು ಜನ ಇದ್ದಾರೆ.

ಕೆಲವು ದಿನಗಳಲ್ಲಿ ಹಿರಿಯಳ ತಟ್ಟೆಯ ತುಂಬ ನೀಲಿ ಎದ್ದಿತು. ಅವಳು ಕುಣಿದಾಡಿದಳು. "ನೋಡಲಿ ಈಗ!" ಎಂದು ತಟ್ಟೆಯನ್ನು ಮುಖ್ಯಸ್ಥರ ಮುಂದಿಟ್ಟಳು.

ಅವರು ಇಬ್ಬರ ತಟ್ಟೆಯ ವೈರಸ್ಸಿನ ಜೀನುಗಳನ್ನೂ ಯಂತ್ರದಲ್ಲಿ ಓದಿಸಿ, ಹೋಲಿಸಿ ನೋಡಿದರು. ಆಮೇಲೆ ಅವಳನ್ನು ಕರೆದು, "ಇದು ಹೊಸಬಳ ವೈರಸ್ಸು ಕಣಮ್ಮಾ" ಎಂದರು.

"ಸರ್, ದೇವರಾಣೆ ನಾನು ಕದ್ದಿಲ್ಲ."

"ಗೊತ್ತು. ಅದು ನಿಮ್ಮ ಕೈಗವಸಿಗೆ ಅಂಟಿಕೊಂಡು ಬಂದಿದೆ. ಒಂದು ಮೂಲೆಯಲ್ಲಿ ನಿಮ್ಮದೂ ಹುಟ್ಟಿತ್ತು, ಒಳ್ಳೆಯದೇ ಇತ್ತು. ಬೇಗ ಬೆಳೆಯುವ ಅವಳದು ತಟ್ಟೆಯನ್ನೆಲ್ಲ ಆವರಿಸಿ, ನಿಮ್ಮದಕ್ಕೆ ಜಾಗವೇ ಇಲ್ಲದಂತೆ ಮಾಡಿತು."

ಮೇಲ್ವಿಚಾರಣೆ ಹೊಸಬಳಿಗೆ ಹೋಯಿತು. ಹಿರಿಯಳು ಆ ತಟ್ಟೆ ಹಿಡಿದುಕೊಂಡು ಅತ್ತಳು. ಅವಳು ತನ್ನದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಕತೆ ಮುಗಿಯಿತು. ಚನ್ನವೀರನ ಕಣ್ಣು ಮತ್ತೆ ಅಂಗಳದತ್ತ ಹೋಯಿತು.

"ಚನ್ನವೀರ, ಕೈಗವಸು ಬಿಚ್ಚಿ ಬಾ, ನಿನ್ನ ತಟ್ಟೆಯಲ್ಲಿ ಏನಿದೆ ನೋಡೋಣ" ಎಂದರು ಗುರುಗಳು.

ಚನ್ನವೀರ ಅಂಗಳಕ್ಕೆ ಬೆನ್ನು ಮಾಡಿ ಗುರುಗಳ ಎದುರು ಕುಳಿತ.