ಹಿಂದಿನ ಸಾಲಿನದು

ಬುದ್ಧಿ ಹಂಚುವಾಗ ಶಿವ ಯಾರನ್ನೂ ಬಿಡುವುದಿಲ್ಲ. ಕೆಲವರು ಬೊಗಸೆಯನ್ನು ಬೋರಲು ಹಿಡಿದಿರುತ್ತಾರೆ, ಅಷ್ಟೆ. ಫಕೀರವ್ವನ ಮಗ ಗದಿಗೆಪ್ಪ ಹಾಗೆ ಹಿಡಿದವನು.

ಫಕೀರವ್ವನಿಗೆ ಒಂದೇ ಹಂಬಲ: ಮಗಳು ಪಾರವ್ವ ನಾಗರ ಪಂಚಮಿಗೆ ತವರಿಗೆ ಬರಬೇಕು. ಮದುವೆಯಾದಾಗಿನಿಂದ ಅತ್ತೆ ಕಲ್ಲವ್ವ ಒಮ್ಮೆಯೂ ಕಳಿಸಿರಲಿಲ್ಲ. ಈ ವರ್ಷ, “ತಮ್ಮ ಕರಿಯಾಕ ಬಂದರ ಕಳಸ್ತೀನಿ” ಅಂದಿದ್ದಳು. ಶಿವನೇ ಅನ್ನಿಸಿದ್ದು! ಫಕೀರವ್ವ ಉಂಡಿ ಕಟ್ಟಲು ನಿಂತಳು.

“ಗದಿಗ್ಯಾ, ತುಪ್ಪ ತಾ!”

ತಂದ. ಪಾಕೀಟು ಕತ್ತರಿಸಿದರೆ ಕಮಟು ವಾಸನೆ!

“ಅಯ್ಯ ನನ ಕರ್ಮ! ಪಾಕೀಟಿನ ಮ್ಯಾಲ ತಾರೀಕು ಇರತೈತಿ, ನೋಡಿ ತರಬೇಕೋ!”

“ಆತು ಬಿಡ, ಯವ್ವಾ!”

ಮರುದಿನ ರವೆ ತಂದ. ಒಡೆದರೆ ಹುಳ!

“ತಾರೀಕು ದಾಟಿ ಹೋಗೇತಲ್ಲೋ! ನೋಡಲಿಲ್ಲೇನು?”

“ನೋಡಿದ್ನಲ್ಲ! ಎರಡು ಸಲ ನೋಡಿದೆ!”

ಫಕೀರವ್ವ ಹಣೆ ಬಡಿದುಕೊಂಡಳು. “ಲೇ ಖೋಡಿ! ಅಂಗಡ್ಯಾವ ಹಳೇದನ್ನ ಮುಂದ ಇಡತಾನ, ಮೊದಲ ಹೋಗಲಿ ಅಂತ. ಹೊಸಾದು ಹಿಂದಿರತೈತಿ. ಮುಂದಿಂದು ಮುಟ್ಟಬ್ಯಾಡ, ಹಿಂದ ಕೈ ಹಾಕು!”

ಹಾಕಿದ. ತಾಜಾ ರವೆ ಬಂತು, ತಾಜಾ ತುಪ್ಪ ಬಂತು.

“ನನ ಜಾಣ! ಎಲ್ಲಿ ಹೋದರೂ ಹಿಂಗ ಮಾಡು!” ಎಂದು ಬಾಯಿ ತಪ್ಪಿ ಹೊಗಳಿದಳು. ಉಂಡಿ ಕಟ್ಟಿದಳು, ಜೋಕಾಲಿ ಹಾಕಿಸಿದಳು. “ಇನ್ನ ಬೀಗರ ಮನಿಗೆ ಹೋಗು. ಕರಕೊಂಡ ಬಾ!”

ಅಲ್ಲಿ ಪಾರವ್ವ ಹೊಸ ಸೀರೆ ಉಟ್ಟು, ಗಂಟು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಬಂದ್ಯಾ ತಮ್ಮಾ!”

“ನೀ ಮುಂದ ಅದಿ ಅಕ್ಕಾ, ಬಾಜೂಕ ಸರಿ!”

ಪಡಸಾಲೆ ದಾಟಿದ, ಅಡುಗೆಮನೆ ದಾಟಿದ. ಎಲ್ಲಕ್ಕೂ ಹಿಂದೆ, ಹಿತ್ತಿಲಲ್ಲಿ, ಕಲ್ಲವ್ವ ಕಾಳು ಹಸನು ಮಾಡುತ್ತಿದ್ದಳು. ಕೈ ಹಿಡಿದ.

“ನಡಿ ಅತ್ತಿ, ಪಂಚಮಿಗೆ!”

ಇತ್ತ ಫಕೀರವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ಕಾದಿದ್ದಳು. ಬಸ್ಸು ಬಂತು. ಗದಿಗೆಪ್ಪ ಇಳಿದ. ಹಿಂದೆ ಒಂದು ನರೆತ ತಲೆ ಇಳಿಯಿತು.

“ಪಾರಿ ಎಲ್ಲೋ?”

“ಆಕಿ ಮುಂದ ನಿಂತಿದ್ಲು ಯವ್ವಾ! ನಾ ಹಿಂದಿಂದು ತಂದೀನಿ! ಹೊಸಾದು!”

ಫಕೀರವ್ವ ಬೈಯಲು ಬಾಯಿ ತೆರೆದಳು. ಕಲ್ಲವ್ವ ನೆಲ ನೋಡಿದಳು.

“ಅವಗ ಬೈಬ್ಯಾಡ್ರಿ ಬೀಗತಿ. ನಮ್ಮಣ್ಣ ಸತ್ತ ಮ್ಯಾಲ ನನ್ನ ಪಂಚಮಿಗೆ ಬಾ ಅಂದಾವ್ರು ಯಾರೂ ಇಲ್ಲ. ಇವ ಕೈ ಹಿಡದ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಮನಿ ನೋಡಾಕ ಪಾರಿನ್ನ ಬಿಟ್ಟ ಬಂದೆ, ನಾಳೆ ಆಕಿನ್ನೂ ಕರಸೂಣು. ತವರು ಅಂದರ ಏನಂತ ನಂಗ ಮರತ ಹೋಗಿತ್ತು.”

ಯಾರನ್ನು ಯಾರ ಕೈಯಲ್ಲಿ ಕರೆಸುತ್ತಾನೋ ಆ ಶಿವ! ಫಕೀರವ್ವ ಬೀಗತಿಯ ಕಾಲಿಗೆ ನೀರು ಹಾಕಿದಳು. ಕಣ್ಣು ಮಾತ್ರ ಇನ್ನೂ ದಾರಿಯ ಮೇಲೆಯೇ ಇತ್ತು.

ಗದಿಗೆಪ್ಪ ಮಾತ್ರ ಕಲ್ಲವ್ವನ ಸುತ್ತ ಸುತ್ತುತ್ತಿದ್ದ. ಬೆನ್ನು ನೋಡಿದ, ಸೆರಗು ನೋಡಿದ.

“ಏನ ಹುಡಕತೀಯೋ?”

“ತಾರೀಕು, ಯವ್ವಾ! ಅತ್ತಿ ಮ್ಯಾಲ ಎಲ್ಲೂ ಬರದೇ ಇಲ್ಲಲ್ಲ!”