ಓಗೊಟ್ಟಮ್ಮನ ಗುಡ್ಡ

ಬೊಮ್ಮನಕುಂಟೆಯಿಂದ ಮೂಡಲಿಗೆ ಹೋಗುವ ಬಂಡಿದಾರಿ ಬಯಲಿನ ನಡುವೆ ಒಂದು ಬೋಳು ಗುಡ್ಡವನ್ನು ಬಳಸಿ ಮುಂದೆ ಸಾಗುತ್ತದೆ. ಎತ್ತರವೇನೂ ಇಲ್ಲ, ಕರಿಯ ಬಂಡೆಗಳು, ಅವುಗಳ ಸಂದಿನಲ್ಲಿ ಒಣಹುಲ್ಲು, ಸುತ್ತ ಕಣ್ಣು ಹಾಯುವಷ್ಟು ದೂರವೂ ಬಯಲೇ. ಗಾಳಿಯದು ಬಿಟ್ಟರೆ ಬೇರೆ ಸದ್ದಿಲ್ಲ. ಸುತ್ತಲಿನ ಹಟ್ಟಿಗಳವರು ಇದನ್ನು ಓಗೊಟ್ಟಮ್ಮನ ಗುಡ್ಡ ಎನ್ನುತ್ತಾರೆ. ಹೊಸಬರು ಯಾವುದೋ ದೇವಿಯ ಹೆಸರಿರಬೇಕೆಂದು ಗುಡಿ ಹುಡುಕುತ್ತಾರೆ. ಗುಡಿಯಿಲ್ಲ. ಓಗೊಟ್ಟಮ್ಮ ದೇವಿಯಲ್ಲ, ಕುರಿ ಕಾಯುತ್ತಿದ್ದ ಕ್ಯಾತಮ್ಮನೆಂಬ ಹೆಂಗಸು.

ಹಿಂದೆ ಒಮ್ಮೆ, ಪ್ಲೇಗು ಈ ಸೀಮೆಗೆ ಬಂದ ಕಾಲದಲ್ಲಿ, ಕ್ಯಾತಮ್ಮನ ಗಂಡನಿಗೂ ಗಡ್ಡೆ ಎದ್ದಿತು. ಹಟ್ಟಿಯವರು ಅವನನ್ನು ಹೊರಗೊಂದು ಗುಡಿಸಲಲ್ಲಿ ಮಲಗಿಸಿ, ಹೆಂಡತಿಯನ್ನೂ ಹತ್ತಿರ ಬಿಡಲಿಲ್ಲ. ಅವನು 'ಕ್ಯಾತೀ, ಕ್ಯಾತೀ' ಎಂದು ಕರೆಯುವುದು ಅವಳಿಗೆ ಕೇಳಿಸುತ್ತಿತ್ತು. ಓಗೊಟ್ಟರೆ ಬೇನೆಯೂ ದನಿ ಹಿಡಿದು ಬರುತ್ತದೆಂದು ಹೆದರಿ ಹಿರಿಯರು ಅವಳ ಬಾಯಿ ಮುಚ್ಚಿ ಹಿಡಿದರಂತೆ. ಕರೆಯುತ್ತ ಕರೆಯುತ್ತಲೇ ಅವನು ಹೋದ. ಮಕ್ಕಳಿರಲಿಲ್ಲ. ಅಲ್ಲಿಂದ ಮುಂದೆ ಅವಳ ಹಗಲುಗಳೆಲ್ಲ ಕುರಿಗಳ ಹಿಂದೆ, ಮಾತಿಲ್ಲದೆ ಕಳೆದವು.

ಕೆಲವು ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ದುಂಬಿಯ ಹಾಗೆ ಮೊರೆಯುತ್ತ ಆಕಾಶದಲ್ಲಿ ಏನೋ ಬಂತು. ವಿಮಾನವೆಂಬುದನ್ನು ಆಗ ಈ ಕಡೆಯವರು ಯಾರೂ ಕಂಡಿರಲಿಲ್ಲ. ಮರದ ಕಟ್ಟು, ಬಟ್ಟೆಯ ರೆಕ್ಕೆ. ಒಂದು ಪಟ್ಟಣದಲ್ಲಿ ಹಾರಾಟ ತೋರಿಸಿ ಇನ್ನೊಂದಕ್ಕೆ ಹೊರಟಿದ್ದ ಬಿಳಿಯ ಯುವಕನೊಬ್ಬ ಅದರಲ್ಲಿದ್ದ. ಗುಡ್ಡದ ಮೇಲೆ ಬರುತ್ತಲೇ ಸದ್ದು ನಿಂತಿತು. ವಾಲಿಕೊಂಡು ಇಳಿದ ವಿಮಾನ ಬಂಡೆಗೆ ಬಡಿದು ಚೂರಾಯಿತು. ಓಡಿಬಂದ ಹಟ್ಟಿಯವರು ಗುಡ್ಡದ ಬುಡದಲ್ಲೇ ನಿಂತುಬಿಟ್ಟರು. ಮೇಲಿನಿಂದ ಒಂದೇ ಕೂಗು ಕೇಳುತ್ತಿತ್ತು: "ನೆಲ್ಲೀ... ನೆಲ್ಲೀ..."

"ನೆಲ್ಲಿಕಾಯಿ ಕೇಳ್ತಾನೇನೋ," ಎಂದನೊಬ್ಬ.

"ಕಾಯಲ್ಲ ಅದು, ಹೆಸರು," ಎಂದಳು ಕ್ಯಾತಮ್ಮ. "ಕರೆಯೋ ದನಿ ನನಗೆ ಗೊತ್ತು."

ಹಟ್ಟಿಯ ಯಜಮಾನ ಚಿಕ್ಕೀರಣ್ಣ ಅಡ್ಡ ಬಂದ. "ಆಕಾಶದಿಂದ ಬಿದ್ದದ್ದು, ಯಾವ ಪೀಡೆಯೋ ಏನೋ. ಮುಟ್ಟಿದವರು ಹಟ್ಟಿಯೊಳಕ್ಕೆ ಬರಂಗಿಲ್ಲ."

"ಬರಲ್ಲ ಬಿಡು, ದೊಡ್ಡಪ್ಪ. ಅವತ್ತು ನನ್ನ ಬಾಯಿ ಮುಚ್ಚಿದ್ರಿ. ಇವತ್ತು ಮುಚ್ಚಬೇಡ್ರಿ."

ಅವಳೊಬ್ಬಳೇ ಹತ್ತಿದಳು. ಅವನ ಕಣ್ಣುಗಳಿಗೆ ರಕ್ತ ಇಳಿದಿತ್ತು. ಬಂದವರು ಯಾರೆಂದು ಕಾಣುವಂತಿರಲಿಲ್ಲ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವನು ನೆಲ್ಲಿ ಎಂದಾಗಲೆಲ್ಲ, "ಓ, ಇಲ್ಲೇ ಅದೀನಪ್ಪ," ಎಂದಳು. ಅವನು ಅವಳ ಕೈ ಹಿಡಿದುಕೊಂಡ. ಕೂಗು ಮೆಲ್ಲನೆ ಮಾತಾಯಿತು, ಮಾತು ಉಸಿರಾಯಿತು. ಹೊತ್ತು ಮುಳುಗುವಾಗ ಅದೂ ನಿಂತಿತು. ಕರೆ ಇಲ್ಲದಿದ್ದರೂ ಅವಳು ಇನ್ನೊಮ್ಮೆ "ಓ" ಎಂದಳು ಎನ್ನುತ್ತಾರೆ.

ಮರುದಿನ ಪಟ್ಟಣದಿಂದ ಬಂದ ಅಧಿಕಾರಿಗಳು ದೇಹವನ್ನು ಬಂಡಿಗೆ ಹಾಕಿಸಿದರು. ಅವನು ಕರೆದ ಹೆಸರನ್ನು ಕ್ಯಾತಮ್ಮ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಹೆಂಡತಿಯಿರಲಿಲ್ಲ, ಒಡಹುಟ್ಟಿದವರಿರಲಿಲ್ಲ. ತಾಯಿಯ ಹೆಸರು ಬೇರೆ. ಜೊತೆಗಿದ್ದ ದುಭಾಷಿ ಹೇಳಿದ: "ಅವಳು ಯಾರೋ ಇವರಿಗೂ ಗೊತ್ತಿಲ್ಲವಂತೆ, ತಾಯಿ."

"ನನಗೂ ಗೊತ್ತಿಲ್ಲ," ಎಂದಳು ಅವಳು. "ಆದರೆ ಬಂದಳು ಅಂದ್ಕೊಂಡೇ ಹೋದ."

ಹಟ್ಟಿಗೆ ಮರಳದೆ ಅವಳು ಗುಡ್ಡದಲ್ಲೇ ಉಳಿದಳು. ಬೇಸಿಗೆ ಕಳೆದ ಮೇಲೆ ಚಿಕ್ಕೀರಣ್ಣನೇ ಗುಡ್ಡಕ್ಕೆ ಬಂದು, "ಆದದ್ದಾಯ್ತು, ಮನೆಗೆ ಬಾರವ್ವ," ಎಂದ. ಅವಳು ಹೋಗಲಿಲ್ಲ. ಬಂಡೆಯ ಪಕ್ಕದಲ್ಲೇ ಕೈಯಾರೆ ಕಲ್ಲು ಪೇರಿಸಿ ಮನೆ ಮಾಡಿಕೊಂಡಳು. ಬಯಲಿನಲ್ಲಿ ದಾರಿ ತಪ್ಪಿದವರು ದಿಕ್ಕುಗೆಟ್ಟು ಕೂಗಿದರೆ ಗುಡ್ಡದಿಂದ "ಓ" ಎಂಬ ದನಿ ಬರುತ್ತಿತ್ತು. ಅದನ್ನು ಹಿಡಿದು ಜನ ಊರು ಸೇರುತ್ತಿದ್ದರು. ಹಾಗೆ ಜನರ ಬಾಯಲ್ಲಿ ಅವಳು ಓಗೊಟ್ಟಮ್ಮನಾದಳು, ಕ್ಯಾತಮ್ಮನೆಂಬ ಹೆಸರು ಅಪರೂಪವಾಯಿತು. ಒಂದು ಚಳಿಗಾಲ, ಕೂಗಿದವರಿಗೆ ಉತ್ತರ ಬರದಾದಾಗ, ಜನ ಹತ್ತಿ ನೋಡಿದರು; ಅವಳ ಉಸಿರು ನಿಂತಿತ್ತು. ಕೊನೆಗೆ ಅವಳು ಯಾರನ್ನಾದರೂ ಕರೆದಿದ್ದಳೋ ಇಲ್ಲವೋ, ತಿಳಿದವರಿಲ್ಲ.

ಇಂದು ಗುಡ್ಡ ಹತ್ತಿದವರಿಗೆ ಸೂರಿಲ್ಲದ ನಾಲ್ಕು ಮೋಟುಗೋಡೆಗಳು ಕಾಣುತ್ತವೆ. ಬಾಗಿಲಿನ ಕಂಡಿ ಬಯಲಿನ ಕಡೆಗಿದೆ. ಹೊಸ್ತಿಲ ಕಲ್ಲು ಇನ್ನೂ ಗಟ್ಟಿಯಾಗಿದೆ. ಕದ ತಿರುಗಲು ಬೇಕಾದ ಕುಳಿಯನ್ನು ಮಾತ್ರ ಅದರಲ್ಲಿ ಯಾರೂ ಕೊರೆದಿಲ್ಲ; ಆ ಮನೆಗೆ ಕದವೇ ಇರಲಿಲ್ಲ.